ಕೆಂಪಗಿದ್ದ ಪೀಚ್ ಇನ್ನೂ ಕಾಯಿ, ಹಸಿರಾಗಿದ್ದ ರಸಪೂರಿ ಆಗಲೇ ಹಣ್ಣು: ಇದು ಯಾಕೆ ಹೀಗೆ?

ಚಿತ್ರಾವತಿ (ಚಿಕ್ಕಬಳ್ಳಾಪುರ):

ಎಲ್ಲರಿಗೂ ನಮಸ್ಕಾರ. ಹಣ್ಣಿನ ವಿಷಯ ತಿಳಿದವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ತಮ್ಮನ ಮಗ ಹಿಮಾಚಲದ ಕಡೆ ಹೋಗಿದ್ದ. ಬರುವಾಗ ಎರಡು ಪೆಟ್ಟಿಗೆ ಪೀಚ್ ತಂದ. ಒಂದು ಪೆಟ್ಟಿಗೆಯ ಹಣ್ಣು ಕುಂಕುಮ ಸವರಿದ ಹಾಗೆ ಕೆಂಪು. ಇನ್ನೊಂದರಲ್ಲಿ ಕೆಂಪು ಕಮ್ಮಿ, ಹಳದಿ ಜಾಸ್ತಿ. ನಾವೆಲ್ಲ ಕೆಂಪಗಿರುವುದನ್ನೇ ಮೊದಲು ಕೊಯ್ದೆವು. ಒಳಗೆ ಬಿಳಿ! ಗೊರಟಿನ ಸುತ್ತ ಮಾತ್ರ ರಕ್ತದ ಬಣ್ಣ. ಹಲ್ಲಿಗೆ ಗಟ್ಟಿ, ನಾಲಿಗೆಗೆ ಸಪ್ಪೆ. ಹಳದಿ ಹಣ್ಣು ಕೊಯ್ದರೆ ಒಳಗೆಲ್ಲ ಬಂಗಾರದ ಬಣ್ಣ, ಘಮ್ ಅನ್ನುವ ವಾಸನೆ, ರಸ ಮೊಣಕೈವರೆಗೆ ಇಳಿಯಿತು.

ಕೆಂಪು ಹಣ್ಣಿಗೆ ಬಣ್ಣ ಹಚ್ಚಿದ್ದಾರೆ ಅನ್ನುವುದು ನಮ್ಮ ಅತ್ತೆಯವರ ಮಾತು. ಮಕ್ಕಳಿಗೆ ಕೊಡಬೇಡ ಅಂದರು. ಎಸೆಯಲು ಮನಸ್ಸಾಗದೆ ಅರ್ಧ ಪೆಟ್ಟಿಗೆ ಜಾಮ್ ಮಾಡಿದೆ. ಬಿಳಿ ತಿರುಳಿನದ್ದನ್ನು ಸಿಪ್ಪೆ ಸಮೇತ ಬೇಯಿಸಿದ್ದಕ್ಕೆ ಗುಲಾಬಿ ಬಣ್ಣ ಬಂತು. ಹಳದಿಯದ್ದು ಕಿತ್ತಳೆ ಬಣ್ಣ. ಸ್ಟೀಲ್ ಪಾತ್ರೆ ಸಾಲದೆ ಸ್ವಲ್ಪ ಬಿಳಿ ಹಣ್ಣನ್ನು ಕಬ್ಬಿಣದ ಬಾಣಲೆಗೆ ಹಾಕಿದೆ. ಅದು ಕಪ್ಪು ನೇರಳೆಗೆ ತಿರುಗಿತು. ಈಗ ನನಗೂ ಅನುಮಾನ ಶುರುವಾಗಿದೆ. ನಿಜಕ್ಕೂ ಬಣ್ಣ ಹಚ್ಚಿರುತ್ತಾರಾ? ಇಲ್ಲದಿದ್ದರೆ ಅಷ್ಟು ಕೆಂಪಗಿದ್ದ ಹಣ್ಣು ಕಾಯಿಯಾಗಿಯೇ ಇದ್ದದ್ದು ಹೇಗೆ?

ಟಮಕದವನು (ಕೋಲಾರ):

ಅಕ್ಕ, ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಹಣ್ಣಿನ ಮೇಲೆ ಚೆನ್ನಾಗಿ ಉಜ್ಜಿ. ಮೇಲೆ ಹಚ್ಚಿದ ಬಣ್ಣವಾದರೆ ಬಟ್ಟೆಗೆ ಹತ್ತುತ್ತದೆ. ಹಣ್ಣಿನದ್ದೇ ಬಣ್ಣವಾದರೆ ಸಿಪ್ಪೆಯ ಜೀವಕೋಶದ ಒಳಗಿರುತ್ತದೆ, ಉಜ್ಜಿದರೆ ಬರುವುದಿಲ್ಲ. ಗೊರಟಿನ ಸುತ್ತ ಇರುವ ಕೆಂಪನ್ನಂತೂ ಯಾರೂ ಒಳಗೆ ಹೋಗಿ ಹಚ್ಚಲು ಆಗುವುದಿಲ್ಲ. ಅದು ಹಲವು ಪೀಚ್ ತಳಿಗಳಲ್ಲಿ ಸಹಜವಾಗಿಯೇ ಬರುತ್ತದೆ.

ನಾನು ಓದಿದ್ದು ತೋಟಗಾರಿಕೆ, ಈಗ ಹಣ್ಣಿನ ತಿರುಳು ಮಾಡುವ ಕಡೆ ಕೆಲಸ. ದಿನಾ ಬಣ್ಣದ ಜೊತೆಗೇ ನನ್ನ ಬದುಕು. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪೀಚ್‌ನಲ್ಲಿ ಮೂರು ಬಣ್ಣಗಳು ಸೇರಿ ಆಡುತ್ತವೆ. ಹಸಿರು ಕ್ಲೋರೋಫಿಲ್‌ನದ್ದು, ಹಳದಿ ಕ್ಯಾರೊಟಿನಾಯ್ಡ್‌ಗಳದ್ದು, ಕೆಂಪು ಆಂಥೋಸಯನಿನ್‌ದು. ಮೂರಕ್ಕೂ ಬೇರೆ ಬೇರೆ ಯಜಮಾನರು. ಅದನ್ನು ಹಿಡಿದರೆ ನಿಮ್ಮ ಅನುಮಾನ ಅರ್ಧ ಕರಗುತ್ತದೆ.

ಹಸಿರು ಹೋಗುವುದು ಮಾಗುವಿಕೆಯ ಲೆಕ್ಕ. ಕಾಯಿ ಬಲಿತು ಹಣ್ಣಾಗುವಾಗ ಕ್ಲೋರೋಫಿಲ್ ಒಡೆಯುತ್ತಾ ಹೋಗುತ್ತದೆ. ಆಗ ಅದರ ಹಿಂದೆ ಇದ್ದ ಬಣ್ಣ ಕಾಣುತ್ತದೆ. ಹಳದಿ ತಳಿಯಾದರೆ ಹಳದಿ, ಬಿಳಿ ತಳಿಯಾದರೆ ಕೆನೆ ಬಣ್ಣ. ಇದನ್ನು ನಾವು ತಳದ ಬಣ್ಣ ಅನ್ನುತ್ತೇವೆ.

ಕೆಂಪು ಬೇರೆಯೇ ಕಥೆ. ಅದು ಜಾಸ್ತಿ ಬರುವುದು ಬಿಸಿಲು ಬಿದ್ದ ಕಡೆ, ಮತ್ತು ತಳಿ ಒಪ್ಪಿದಷ್ಟು ಮಾತ್ರ. ಪೀಚ್‌ನ ಈ ಕೆಂಪಿನಲ್ಲಿ ದೊಡ್ಡ ಪಾಲು ಸಯನಿಡಿನ್ ಎಂಬ ಜಾತಿಯದ್ದು. ಪೇಟೆಯಲ್ಲಿ ಕೆಂಪು ಹಣ್ಣಿಗೆ ಬೇಡಿಕೆ ಇದೆ ಅಂತ ತಳಿ ಮಾಡುವವರು ವರ್ಷಗಟ್ಟಲೆ ಕೆಂಪನ್ನೇ ಆರಿಸಿ ಆರಿಸಿ ಬೆಳೆಸಿದ್ದಾರೆ. ಅಂಥ ತಳಿಗಳಲ್ಲಿ ಕಾಯಿ ಬಲಿಯುವ ಮೊದಲೇ ಸಿಪ್ಪೆ ಪೂರ್ತಿ ಕೆಂಪಾಗಿಬಿಡುತ್ತದೆ. ನಿಮ್ಮ ಮೊದಲ ಪೆಟ್ಟಿಗೆಯದ್ದು ಅದೇ ಇರಬೇಕು. ಕೆಂಪು ನೋಡಿ ಬೇಗ ಕಿತ್ತಿದ್ದಾರೆ. ಅದಕ್ಕೇ ಸಪ್ಪೆ.

ಇನ್ನು ತಿರುಳಿನ ಬಿಳಿ ಮತ್ತು ಹಳದಿ. ಇದು ನನಗೆ ಓದುವಾಗ ಬಹಳ ಇಷ್ಟವಾಗಿದ್ದ ಪಾಠ. ಬಿಳಿ ಪೀಚ್‌ಗೆ ಹಳದಿ ಬಣ್ಣ ಮಾಡಲು ಬರುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದೂ ಕ್ಯಾರೊಟಿನಾಯ್ಡ್ ಮಾಡುತ್ತದೆ. ಆದರೆ ಸಿಸಿಡಿ4 ಎಂಬ ಒಂದು ಜೀನ್‌ನಿಂದ ಹುಟ್ಟುವ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಹಳದಿ ಪೀಚ್‌ನಲ್ಲಿ ಈ ಜೀನ್ ಕೆಟ್ಟಿರುತ್ತದೆ. ಕತ್ತರಿಸುವವರು ಇಲ್ಲದ್ದರಿಂದ ಹಳದಿ ಹಾಗೇ ಉಳಿಯುತ್ತದೆ. ಕತ್ತರಿಸಿದ ಚೂರುಗಳೂ ದಂಡವಾಗುವುದಿಲ್ಲ, ಅವುಗಳಲ್ಲಿ ಕೆಲವು ಪರಿಮಳದ ವಸ್ತುಗಳು. ಚೆನ್ನಾಗಿ ಮಾಗಿದ ಬಿಳಿ ಪೀಚ್‌ಗೆ ಹೂವಿನಂಥ ವಾಸನೆ ಬರುವುದಕ್ಕೆ ಅದೂ ಒಂದು ಕಾರಣ.

ಕಬ್ಬಿಣದ ಬಾಣಲೆಯ ಕಥೆಯೂ ಸುಲಭ. ಆಂಥೋಸಯನಿನ್‌ಗೆ ಕಬ್ಬಿಣ, ತವರ ತಾಗಿದರೆ ನೀಲಿ ನೇರಳೆ ಕಡೆಗೆ ತಿರುಗುತ್ತದೆ. ಡಬ್ಬಿಯಲ್ಲಿ ಪೀಚ್ ತುಂಬುವವರು ಗೊರಟಿನ ಸುತ್ತ ಕೆಂಪಿಲ್ಲದ ತಳಿಯನ್ನೇ ಹುಡುಕುವುದು ಇದಕ್ಕೇ. ಜಾಮ್‌ಗೆ ಸ್ಟೀಲ್ ಪಾತ್ರೆಯೇ ಸರಿ.

ಮಾವಿನೂರು (ಶ್ರೀನಿವಾಸಪುರ):

ಟಮಕದ ತಮ್ಮ ಹೇಳಿದ್ದು ಓದಿ ಮನಸ್ಸು ತುಂಬಿತು. ನಾನು ಪೀಚ್ ಮರ ಕಂಡವನಲ್ಲ. ಆದರೆ ಇದೇ ಮಾತನ್ನು ಮಾವಿನ ವಿಷಯದಲ್ಲಿ ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ.

ನಮ್ಮ ತೋಟದಲ್ಲಿ ಸೇಂದೂರ, ರಸಪೂರಿ, ಬಾದಾಮಿ, ಗಿಣಿಮೂತಿ, ಸ್ವಲ್ಪ ಮಲ್ಲಿಕಾ ಇದೆ. ಸೇಂದೂರದ ಭುಜ, ಅಂದರೆ ತೊಟ್ಟಿನ ಪಕ್ಕದ ಭಾಗ, ಕಾಯಿಯಲ್ಲೇ ಕೆಂಪಾಗುತ್ತದೆ. ಬಿಸಿಲು ಬೀಳುವ ಕಡೆಯ ಕೊಂಬೆಯಲ್ಲಿ ಕೆಂಪು ಜಾಸ್ತಿ, ಒಳಗಿನ ಕೊಂಬೆಯಲ್ಲಿ ಕಮ್ಮಿ. ರಸಪೂರಿ ಹಾಗಲ್ಲ. ಹಣ್ಣಾದ ಮೇಲೂ ಅರ್ಧ ಹಸಿರು. ಒತ್ತಿದರೆ ಮೆತ್ತಗೆ, ಕೊಯ್ದರೆ ಒಳಗೆ ಕಿತ್ತಳೆ ಹಳದಿ. ಪೇಟೆಯಿಂದ ಬರುವವರು ರಸಪೂರಿ ನೋಡಿ "ಇನ್ನೂ ಕಾಯಿ" ಅಂತ ಬಿಟ್ಟು, ಪಕ್ಕದ ರಾಶಿಯಿಂದ ಕೆಂಪು ಸೇಂದೂರದ ಕಾಯಿ ತಗೊಂಡು ಹೋಗುತ್ತಾರೆ. ಎಷ್ಟು ಸಲ ಕರೆದು ಹೇಳಿದ್ದೇನೆ.

ಒಂದು ವರ್ಷ ಒಬ್ಬ ವ್ಯಾಪಾರಿ ನನ್ನ ಒಂದು ಗಾಡಿ ರಸಪೂರಿಯನ್ನು ಬಣ್ಣ ಬಂದಿಲ್ಲ ಅಂತ ಅರ್ಧ ಬೆಲೆಗೆ ಕೇಳಿದ. ಮೂರನೇ ದಿನಕ್ಕೆ ಅದೇ ಹಣ್ಣು ರಸ ಸೋರುವಷ್ಟು ಮಾಗಿತ್ತು. ಆ ನಷ್ಟಕ್ಕಿಂತ, ಒಳ್ಳೆಯ ಹಣ್ಣನ್ನು ಕಾಯಿ ಅಂದದ್ದು ನನಗೆ ನೋವಾಯಿತು.

ಬಲಿತಿದೆಯಾ ಅಂತ ನೋಡಲು ನಮ್ಮ ಕಡೆ ಬಣ್ಣ ಕೊನೆಗೆ. ಮೊದಲು ತೊಟ್ಟಿನ ಹತ್ತಿರ ನೋಡುತ್ತೇವೆ. ಎಳೆ ಕಾಯಿಯಲ್ಲಿ ಭುಜ ಇಳಿಜಾರು. ಬಲಿತಾಗ ಭುಜ ಉಬ್ಬಿ ತೊಟ್ಟಿಗಿಂತ ಮೇಲೆ ಬರುತ್ತದೆ, ತೊಟ್ಟು ಗುಳಿಯಲ್ಲಿ ಕೂತ ಹಾಗೆ ಕಾಣುತ್ತದೆ. ಒಂದೆರಡು ಹಣ್ಣು ತಾನೇ ಉದುರಿದರೆ ಮರ ಕೊಯ್ಲಿಗೆ ಬಂತು ಅಂತ ಲೆಕ್ಕ. ಬಕೆಟ್ ನೀರಿಗೆ ಹಾಕಿದರೆ ಬಲಿತ ಕಾಯಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಆಮೇಲೆ ಹಣ್ಣಾಗಲಿ ಅಂತ ಹುಲ್ಲಿನಲ್ಲಿ ಮುಚ್ಚಿ ಅಡೆ ಹಾಕುತ್ತೇವೆ.

ಕಾರ್ಬೈಡ್ ಇಟ್ಟು ಹಳದಿ ಬರಿಸುವವರು ಇನ್ನೂ ಇದ್ದಾರೆ. ಅದು ನಿಷೇಧ ಆಗಿರುವ ವಿಷ. ಸಿಪ್ಪೆ ಹಳದಿಯಾಗುತ್ತದೆ, ಒಳಗೆ ತಿರುಳು ಹುಳಿಯಾಗಿಯೇ ಇರುತ್ತದೆ. ಎಥಿಲೀನ್ ಗ್ಯಾಸ್‌ಗೆ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲಿನವರೆಗೆ, ಅನುಮತಿ ಇದೆ. ಅದು ಹಣ್ಣು ತಾನೇ ಬಿಡುವ ಗಾಳಿ. ಆದರೆ ಎಳೆ ಕಾಯಿಗೆ ಅದನ್ನು ಕೊಟ್ಟರೂ ರುಚಿ ಬರುವುದಿಲ್ಲ.

ಚಿತ್ರಾವತಿ:

ಅಣ್ಣಾ, ಅಡೆ ಅಂದ ತಕ್ಷಣ ನೆನಪಾಯಿತು. ನನ್ನ ಹತ್ತಿರ ಕೆಂಪು ಪೀಚ್ ಇನ್ನೂ ಇಪ್ಪತ್ತು ಉಳಿದಿವೆ. ಹುಲ್ಲಿನಲ್ಲಿ ಅಡೆ ಹಾಕಿದರೆ ಸಿಹಿ ಬರುತ್ತದಾ? ಈಗ ಫ್ರಿಜ್‌ನಲ್ಲಿಟ್ಟಿದ್ದೇನೆ.

ಟಮಕದವನು:

ಅಕ್ಕ, ಫ್ರಿಜ್‌ನಿಂದ ಇವತ್ತೇ ತೆಗೆಯಿರಿ. ಗಟ್ಟಿ ಪೀಚ್‌ಗೆ ಸುಮಾರು 2ರಿಂದ 8 ಡಿಗ್ರಿ ಶಾಖ ಕೆಟ್ಟದ್ದು. ಮನೆಯ ಫ್ರಿಜ್ ಇರುವುದೇ ಅಷ್ಟರಲ್ಲಿ. ಅಲ್ಲಿ ಬಹಳ ದಿನ ಇದ್ದರೆ ಹೊರಗೆ ತೆಗೆದ ಮೇಲೂ ಸರಿಯಾಗಿ ಮಾಗುವುದಿಲ್ಲ. ತಿರುಳು ಹಿಟ್ಟು ಹಿಟ್ಟಾಗುತ್ತದೆ, ಗೊರಟಿನ ಸುತ್ತ ಕಂದು ತಿರುಗುತ್ತದೆ. ಮೇಲೆ ನೋಡಿದರೆ ಕೆಂಪು ಹಾಗೇ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ಮೊದಲು ಹೊರಗೆ ಮಾಗಿಸಿ, ಮಾಗಿದ ಮೇಲೆ ಬೇಕಾದರೆ ಒಂದೆರಡು ದಿನ ಫ್ರಿಜ್‌ನಲ್ಲಿಡಿ.

ಸಿಹಿಯ ವಿಷಯದಲ್ಲಿ ಮಾವಿಗೂ ಪೀಚ್‌ಗೂ ದೊಡ್ಡ ವ್ಯತ್ಯಾಸ ಇದೆ. ಬಲಿತ ಮಾವಿನ ಕಾಯಿಯ ಒಳಗೆ ಪಿಷ್ಟ ತುಂಬಿರುತ್ತದೆ. ಅಡೆಯಲ್ಲಿ ಅದೇ ಸಕ್ಕರೆಯಾಗುತ್ತದೆ. ಅದಕ್ಕೇ ಹುಳಿ ಕಾಯಿ ಸಿಹಿ ಹಣ್ಣಾಗುವುದು. ಪೀಚ್‌ನಲ್ಲಿ ಕೊಯ್ಲಿನ ಹೊತ್ತಿಗೆ ಹಾಗೆ ಕೂಡಿಟ್ಟ ಪಿಷ್ಟ ಇರುವುದಿಲ್ಲ ಅಂತಲೇ ಹೇಳಬಹುದು. ಸಕ್ಕರೆ ಬರಬೇಕಾದ್ದು ಮರದಿಂದ. ಕಿತ್ತ ಮೇಲೆ ಪೀಚ್ ಮೆತ್ತಗಾಗುತ್ತದೆ, ಹುಳಿ ಸ್ವಲ್ಪ ಇಳಿಯುತ್ತದೆ, ವಾಸನೆ ಬರುತ್ತದೆ, ತಳದ ಹಸಿರು ಹೋಗುತ್ತದೆ. ಸಕ್ಕರೆ ಮಾತ್ರ ಹೆಚ್ಚೇನೂ ಏರುವುದಿಲ್ಲ.

ಆದ್ದರಿಂದ ಇಪ್ಪತ್ತನ್ನೂ ಒಂದೇ ಥರ ನೋಡಬೇಡಿ. ಒಂದೊಂದನ್ನೇ ಕೈಯಲ್ಲಿ ಹಿಡಿದು ತೊಟ್ಟಿನ ಗುಳಿ ಮತ್ತು ಕೆಂಪು ಬೀಳದ ಕಡೆ ನೋಡಿ. ಅಲ್ಲಿ ಹುಲ್ಲಿನ ಹಸಿರು ಇದ್ದರೆ ಎಳೆಯದು, ಅದನ್ನು ಚಟ್ನಿ ಜಾಮ್‌ಗೆ ಇಡಿ. ಹಸಿರು ಮಾಸಿ ಕೆನೆ ಬಣ್ಣಕ್ಕೆ ಬಂದಿದ್ದರೆ ಬಲಿತದ್ದು. ಅವನ್ನು ಕಾಗದದ ಚೀಲಕ್ಕೆ ಹಾಕಿ, ಜೊತೆಗೆ ಒಂದು ಮಾಗಿದ ಬಾಳೆಹಣ್ಣು ಇಟ್ಟು ಎರಡು ಮೂರು ದಿನ ಬಿಡಿ. ಬಾಳೆಹಣ್ಣಿನಿಂದ ಎಥಿಲೀನ್ ಸಿಗುತ್ತದೆ.

ಬಂಗಾರಪೇಟೆ ಹುಡುಗ:

ಒಂದು ಮಾತು. ಕೆಂಪು ಜಾಸ್ತಿ ಇದ್ದರೆ ವಿಟಮಿನ್ ಜಾಸ್ತಿ ಅಲ್ವಾ? ಹಾಗಾದರೆ ಬಿಳಿ ತಿರುಳಿನ ಪೀಚ್ ತಿಂದು ಪ್ರಯೋಜನ ಏನು?

ಟಮಕದವನು:

ಎರಡನ್ನೂ ಬೇರೆ ಮಾಡಿ ನೋಡಬೇಕು ತಮ್ಮಾ. ವಿಟಮಿನ್ ಎ ಆಗಿ ಬದಲಾಗುವುದು ಹಳದಿ ಗುಂಪಿನ ಬೀಟಾ ಕ್ಯಾರೊಟಿನ್ ಮತ್ತು ಬೀಟಾ ಕ್ರಿಪ್ಟೊಕ್ಸಾಂಥಿನ್. ಕೆಂಪು ಆಂಥೋಸಯನಿನ್ ವಿಟಮಿನ್ ಎ ಆಗುವುದಿಲ್ಲ. ಆ ಲೆಕ್ಕದಲ್ಲಿ ಹಳದಿ ಪೀಚ್ ಮೇಲು. ಆದರೆ ಬಿಳಿ ಪೀಚ್‌ನಲ್ಲಿ ಬಣ್ಣ ಇಲ್ಲದ ಫೀನಾಲ್ ವಸ್ತುಗಳು ಇರುತ್ತವೆ, ಅವುಗಳಿಗೂ ಬೆಲೆ ಇದೆ. ಸಿಪ್ಪೆಯಲ್ಲಿ ಇವೆಲ್ಲ ತಿರುಳಿಗಿಂತ ಜಾಸ್ತಿ. ಚೆನ್ನಾಗಿ ತೊಳೆದು ಮೇಲಿನ ನವಿರು ಉಜ್ಜಿ ಸಿಪ್ಪೆ ಸಮೇತ ತಿನ್ನಿ.

ಗುಬ್ಬಿ ಮೇಷ್ಟ್ರು (ತುಮಕೂರು ಜಿಲ್ಲೆ):

ಚಿತ್ರಾವತಿ ಅಮ್ಮನವರು ಮಾಡಿದ ಜಾಮ್ ನಮ್ಮ ಎಂಟನೇ ತರಗತಿಗೆ ಒಳ್ಳೆಯ ಪಾಠ. ಪೀಚ್ ಬೇಕಾಗಿಲ್ಲ, ಮನೆಯಲ್ಲಿ ಇರುವುದರಲ್ಲೇ ತೋರಿಸಬಹುದು.

ಕ್ಯಾರೆಟ್ ಹಲ್ವಾ ಮಾಡುವಾಗ ತುಪ್ಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ನೋಡಿದ್ದೀರಲ್ಲ? ಕ್ಯಾರೊಟಿನಾಯ್ಡ್ ಕರಗುವುದು ಎಣ್ಣೆ ತುಪ್ಪದಲ್ಲಿ. ನೇರಳೆ ಹಣ್ಣು ತಿಂದರೆ ನಾಲಿಗೆ ಬಣ್ಣವಾಗುತ್ತದೆ. ಅಲ್ಲಿರುವುದು ಆಂಥೋಸಯನಿನ್, ಅದು ನೀರಿನಲ್ಲಿ ಕರಗುತ್ತದೆ. ಅದಕ್ಕೇ ಕೆಂಪು ಸಿಪ್ಪೆಯಿಂದ ಜಾಮ್‌ನ ರಸಕ್ಕೆ ಗುಲಾಬಿ ಇಳಿಯಿತು. ಹಳದಿ ಜಾಮ್‌ನಲ್ಲಿ ಬಣ್ಣ ತಿರುಳಿನ ಜೊತೆಯಲ್ಲೇ ಉಳಿಯಿತು.

ದಾಸವಾಳದ ದಳ ಬಿಸಿ ನೀರಿಗೆ ಹಾಕಿ ಬಣ್ಣ ಇಳಿಸಿ, ನಿಂಬೆರಸ ಹಿಂಡಿದರೆ ಕೆಂಪಾಗುತ್ತದೆ, ಅಡುಗೆ ಸೋಡಾ ಹಾಕಿದರೆ ಹಸಿರು ಕಡೆ ಹೋಗುತ್ತದೆ. ಪೀಚ್ ಸಿಪ್ಪೆಯಲ್ಲೂ ಇದೇ ಗುಂಪಿನ ಬಣ್ಣ. ಗುಲಾಬಿ ಜಾಮ್‌ಗೆ ನಿಂಬೆರಸ ಬಿಟ್ಟು ನೋಡಿ, ಬಣ್ಣ ತಿಳಿಯಾಗಿ ಹೊಳೆಯುತ್ತದೆ.

ತಳಿಯ ವಿಷಯಕ್ಕೆ ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ ಒಂದು ಉದಾಹರಣೆ ಇದೆ, ಹೇಳದೆ ಇರಲಾರೆ. ಚೇಳೂರಿನ ಸಿದ್ದು ಹಲಸು. ಒಬ್ಬ ರೈತರ ಮನೆಯ ಒಂದೇ ಮರ. ಅದರ ತೊಳೆ ತಾಮ್ರದ ಕೆಂಪು. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಆ ಮರವನ್ನು ಗುರುತಿಸಿ, ಕಸಿ ಗಿಡ ಮಾಡಿ ಹಂಚಿದರು. ಆ ಬಣ್ಣ ಕ್ಯಾರೊಟಿನಾಯ್ಡ್‌ಗಳದ್ದು, ಆ ಗುಂಪಿನದೇ ಆದ ಕೆಂಪು ಲೈಕೋಪೀನ್ ಕೂಡ ಅದರಲ್ಲಿದೆ. ಹೊರಗಿನಿಂದ ನೋಡಿದರೆ ಬೇರೆ ಹಲಸಿನ ಹಾಗೇ ಹಸಿರು ಮುಳ್ಳು. ದಪ್ಪ ಸಿಪ್ಪೆಯ ಒಳಗೆ ಬಿಸಿಲು ಎಲ್ಲಿಂದ ಹೋಗಬೇಕು? ಅಲ್ಲಿ ಬಣ್ಣ ತಂದದ್ದು ತಳಿ. ಬೀಜ ಹಾಕಿದರೆ ಅದೇ ಬಣ್ಣ ಬರುತ್ತದೆ ಅಂತ ಹೇಳಲು ಆಗುವುದಿಲ್ಲ, ಅದಕ್ಕೇ ಕಸಿ ಗಿಡಕ್ಕೆ ಅಷ್ಟು ಬೇಡಿಕೆ.

ದ್ರಾಕ್ಷಿ ಚಪ್ಪರ (ಚಿಕ್ಕಬಳ್ಳಾಪುರ):

ನಮ್ಮ ಬೆಳೆಯ ಕಷ್ಟವನ್ನೂ ಸೇರಿಸಿಕೊಳ್ಳಿ. ನಮ್ಮದು ಬೆಂಗಳೂರು ನೀಲಿ, ಸ್ವಲ್ಪ ದಿಲ್‌ಖುಷ್. ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆ ಕೂಡ ಸಿಕ್ಕಿದೆ. ಅದರ ಬಣ್ಣವೂ ಆಂಥೋಸಯನಿನ್. ರಾತ್ರಿ ತಂಪಿದ್ದರೆ ಗೊಂಚಲು ಒಂದೇ ಸಮ ಕಪ್ಪು ನೀಲಿ ಬರುತ್ತದೆ. ಬೇಸಿಗೆಯಲ್ಲಿ ರಾತ್ರಿಯೂ ಧಗೆ ಇದ್ದರೆ ಒಂದೇ ಗೊಂಚಲಲ್ಲಿ ಕೆಲವು ಕಾಳು ನೀಲಿ, ಕೆಲವು ಮಂಕು ಕೆಂಪು. ಬಳ್ಳಿಗೆ ಜಾಸ್ತಿ ಗೊಂಚಲು ಬಿಟ್ಟರೂ ಹಾಗೇ ಆಗುತ್ತದೆ.

ಮತ್ತೆ ದ್ರಾಕ್ಷಿ ಕಿತ್ತ ಮೇಲೆ ಮಾಗುವುದೇ ಇಲ್ಲ. ಎಥಿಲೀನ್ ಇಟ್ಟು ಅಡೆ ಹಾಕುವ ದಾರಿ ನಮಗಿಲ್ಲ. ಸಿಹಿ ಬರಬೇಕಾದ್ದು ಬಳ್ಳಿಯಲ್ಲೇ. ಆದ್ದರಿಂದ ಬಣ್ಣ ಬಂತು ಅಂತ ಕತ್ತರಿ ಹಾಕುವುದಿಲ್ಲ. ಗೊಂಚಲ ತುದಿಯ ಕಾಳು ತಿಂದು ನೋಡುತ್ತೇವೆ. ತುದಿಯ ಕಾಳು ಕೊನೆಗೆ ಮಾಗುವುದು, ಅದು ಸಿಹಿಯಾದರೆ ಮೇಲಿನವೆಲ್ಲ ಸಿಹಿ.

ಟೊಮೆಟೊ ಮಂಡಿ (ಕೋಲಾರ):

ಟೊಮೆಟೊದಲ್ಲಿ ಬಿಸಿಲು ಜಾಸ್ತಿ ಆದರೆ ಬಣ್ಣವೇ ಕೆಡುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬರುವ 15 ಕೆಜಿ ಬಾಕ್ಸ್‌ಗಳಲ್ಲಿ ಕಿತ್ತಳೆ ಹಳದಿ ಹಣ್ಣು ಕಾಣುತ್ತವೆ, ಭುಜದ ಹತ್ತಿರ ಹಳದಿ ಪಟ್ಟೆ. ರೋಗ ಅಂತ ಕೆಲವರು ಬೆಲೆ ಇಳಿಸುತ್ತಾರೆ. ರೋಗ ಅಲ್ಲ, ಧಗೆ. ಕಾರಣ ಟಮಕದವರು ಹೇಳಲಿ.

ಟಮಕದವನು:

ಟೊಮೆಟೊದ ಕೆಂಪು ಲೈಕೋಪೀನ್, ಅದು ಕ್ಯಾರೊಟಿನಾಯ್ಡ್ ಕುಟುಂಬದ್ದು. ಪೀಚ್‌ನ ಕೆಂಪಿಗೂ ಅದಕ್ಕೂ ಸಂಬಂಧ ಇಲ್ಲ. ಸುಮಾರು 20ರಿಂದ 25 ಡಿಗ್ರಿಯಲ್ಲಿ ಲೈಕೋಪೀನ್ ಚೆನ್ನಾಗಿ ಕೂಡುತ್ತದೆ. 30 ಡಿಗ್ರಿ ದಾಟಿ ಧಗೆ ನಿಂತುಬಿಟ್ಟರೆ ಅದು ಹುಟ್ಟುವುದು ತಗ್ಗುತ್ತದೆ. ಹಳದಿ ಕ್ಯಾರೊಟಿನ್ ಮಾತ್ರ ಹುಟ್ಟುತ್ತಲೇ ಇರುತ್ತದೆ. ಹಸಿರು ಹೋಯಿತು, ಕೆಂಪು ಬರಲಿಲ್ಲ, ಉಳಿದದ್ದು ಹಳದಿ. ಎಲೆ ಚೆನ್ನಾಗಿ ಮುಚ್ಚಿದ ಗಿಡದಲ್ಲಿ ಇದು ಕಮ್ಮಿ.

ನೋಡಿ, ಪೀಚ್ ಕೆಂಪಾಗಲು ಬಿಸಿಲು ಬೇಕು, ಧಗೆಯ ಕಾಲದಲ್ಲಿ ಟೊಮೆಟೊ ಕೆಂಪಾಗಲು ಎಲೆಯ ನೆರಳು ಬೇಕು. ನಾವು ಎರಡನ್ನೂ ಕೆಂಪು ಅನ್ನುವ ಒಂದೇ ಮಾತಿನಲ್ಲಿ ಕರೆಯುತ್ತೇವೆ. ಜಪಾನ್‌ನಲ್ಲಿ ಪೀಚ್ ಬೆಳೆಯುವವರು ಎಳೆ ಕಾಯಿಗೆ ಕಾಗದದ ಚೀಲ ಕಟ್ಟುತ್ತಾರೆ. ಕೊಯ್ಲಿಗೆ ಮೊದಲು ಚೀಲ ತೆಗೆದು, ಮರದ ಕೆಳಗೆ ಬೆಳಕು ಹೊಳೆಯುವ ಹಾಳೆ ಹಾಸುತ್ತಾರೆ. ಹಣ್ಣಿನ ಕೆಳಭಾಗಕ್ಕೂ ಬೆಳಕು ಬಡಿದು ಕೆಂಪು ಏರುತ್ತದೆ.

ಬಂಗಾರಪೇಟೆ ಹುಡುಗ:

ನಂದಿ ಬೆಟ್ಟದ ಮೇಲೆ ಚಳಿ ಇದೆಯಲ್ಲ, ನಮ್ಮ ಕಡೆಯೂ ಪೀಚ್ ಹಾಕಬಹುದಾ?

ಟಮಕದವನು:

ಪೀಚ್ ಮರಕ್ಕೆ ಚಳಿಗಾಲದಲ್ಲಿ ಇಂತಿಷ್ಟು ಗಂಟೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಿಗಬೇಕು, ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಪಂಜಾಬಿನ ಬಯಲಿನಲ್ಲಿ ಬೆಳೆಯುವ ಶಾನ್ ಎ ಪಂಜಾಬ್, ಫ್ಲಾರ್ಡಾ ಪ್ರಿನ್ಸ್‌ನಂಥ ಕಮ್ಮಿ ಚಳಿಯ ತಳಿಗಳಿಗೂ ನೂರಾರು ಗಂಟೆ ಬೇಕು. ನಮ್ಮ ಬಯಲಿನಲ್ಲಿ ಅಷ್ಟು ಸಿಗುವುದಿಲ್ಲ. ಹಿತ್ತಲಿನಲ್ಲಿ ಒಂದು ಗಿಡ ಆಸೆಗೆ ಹಾಕಿ, ಬೆಳೆಯಾಗಿ ಹಾಕಬೇಡಿ.

ಚಿತ್ರಾವತಿ:

ಐದು ದಿನ ಆಯಿತು, ಆಗಿದ್ದನ್ನು ಹೇಳಿಬಿಡುತ್ತೇನೆ.

ಒದ್ದೆ ಬಟ್ಟೆಯಲ್ಲಿ ಅತ್ತೆಯವರೇ ಉಜ್ಜಿ ನೋಡಿದರು. ಬಟ್ಟೆಗೆ ನವಿರು ಹತ್ತಿತು, ಬಣ್ಣ ಹತ್ತಲಿಲ್ಲ. ಅವರೇ ಕೂತು ಇಪ್ಪತ್ತು ಹಣ್ಣನ್ನೂ ಬೆಳಕಿಗೆ ಹಿಡಿದು ಬೇರೆ ಮಾಡಿದರು. ತೊಟ್ಟಿನ ಹತ್ತಿರ ಹಸಿರು ಇದ್ದದ್ದು ಹನ್ನೊಂದು, ಕೆನೆ ಬಣ್ಣ ಬಂದದ್ದು ಒಂಬತ್ತು. ಒಂಬತ್ತನ್ನು ಚೀಲದಲ್ಲಿ ಬಾಳೆಹಣ್ಣಿನ ಜೊತೆ ಇಟ್ಟೆ. ಮೂರನೇ ದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ವಾಸನೆ ಬಾಗಿಲಲ್ಲೇ ಸಿಕ್ಕಿತು. ಹಳದಿ ಹಣ್ಣಿನಷ್ಟು ಸಿಹಿ ಇರಲಿಲ್ಲ, ನಿಜ. ಆದರೆ ಮೆತ್ತಗೆ, ಮಲ್ಲಿಗೆಯಂಥ ಏನೋ ಒಂದು ಪರಿಮಳ. ಮಕ್ಕಳು ಐದು ತಿಂದರು. ಒಂದು ಒಳಗೆ ಹಿಟ್ಟಾಗಿತ್ತು, ಫ್ರಿಜ್‌ನ ತಪ್ಪು ಅಂತ ಗೊತ್ತಾಯಿತು.

ಹನ್ನೊಂದು ಕಾಯಿಗೆ ಬೆಲ್ಲ, ಶುಂಠಿ, ಒಣಮೆಣಸು ಹಾಕಿ ಗೊಜ್ಜು ಮಾಡಿದೆವು. ಸ್ಟೀಲ್ ಪಾತ್ರೆಯಲ್ಲೇ.

ಇನ್ನೊಂದು ನೋಡಿದೆ. ಒಂದು ಹಣ್ಣಿನ ಕೆಂಪು ಕೆನ್ನೆಯ ಮಧ್ಯೆ ಉದ್ದಕ್ಕೆ ಒಂದು ತೆಳು ಗುರುತು, ಎರಡೂ ತುದಿ ಚೂಪು. ಮೊದಲು ಕಲೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಎಲೆ ಅಲ್ಲಿ ಅಂಟಿಕೊಂಡು ಬೆಳೆದಿರಬೇಕು. ಎಲೆ ಮುಚ್ಚಿದ ಜಾಗಕ್ಕೆ ಬಿಸಿಲು ಬಿದ್ದಿಲ್ಲ, ಕೆಂಪೂ ಬಂದಿಲ್ಲ.

ಮಾವಿನೂರು:

ಹೌದು ತಾಯಿ, ಅದು ಎಲೆಯದೇ ಗುರುತು. ಸೇಂದೂರದಲ್ಲೂ ಹೀಗೆ ಬರುತ್ತದೆ. ಎರಡು ಕಾಯಿ ಒತ್ತಿಕೊಂಡು ಬೆಳೆದರೆ ತಾಗಿದ ಕಡೆ ಒಂದು ಹಸಿರು ಬಿಲ್ಲೆ ಉಳಿಯುತ್ತದೆ. ನಮ್ಮ ಮೊಮ್ಮಗಳು ಅಂಥದ್ದನ್ನೇ ಹುಡುಕಿ ಎತ್ತಿಡುತ್ತಾಳೆ. ಈ ವಾರ ರಸಪೂರಿ ಇಳಿಸುತ್ತಿದ್ದೇವೆ. ಮನೆಯವರನ್ನು ಕರೆದುಕೊಂಡು ಬನ್ನಿ, ಅತ್ತೆಯವರು ತಪ್ಪದೆ ಬರಲಿ. ಹಸಿರು ಹಣ್ಣನ್ನೇ ಕೊಡುತ್ತೇನೆ.